ಮಾವ ಏಳಲಿಲ್ಲ, ರಿಂಗ್ ರೋಡೇ ಸರಿಯಿತು

ಬೆಂಗಳೂರಿನ ರಿಂಗ್ ರೋಡಿಗೆ ಸುಂಕದಕಟ್ಟೆ ಕಡೆ ಒಂದು ಸಣ್ಣ ಡೊಂಕು ಇದೆ. ಅದನ್ನು ತಿರುಚಿದವಳು ನಮ್ಮ ಸೋದರತ್ತೆ! ನಂಬಬೇಡಿ, ನನಗೇನು ನಷ್ಟ? ಆದರೆ ಈ ಪರಾಕ್ರಮದಲ್ಲಿ ಮುಕ್ಕಾಲು ಪಾಲು ನಮ್ಮ ಮಾವನದು. ಅವರೇನು ಮಾಡಿದರು ಅಂತೀರಾ? ಏನೂ ಇಲ್ಲ. ಕೂತಿದ್ದರು, ಅಷ್ಟೇ.

ಎಂಬತ್ತರ ದಶಕದ ಶುರು. ಸುಂಕದಕಟ್ಟೆ ಆಗಿನ್ನೂ ಹಳ್ಳಿ. ಮಾಗಡಿ ರಸ್ತೆಯಿಂದ ಒಳಗೆ ನಡೆದರೆ ಅತ್ತೆಯ ಹೆಂಚಿನ ಮನೆ, ಪಕ್ಕದಲ್ಲಿ ಅವರೆ ಹೊಲ, ಒಂದು ಎಮ್ಮೆ. ಜಗಲಿಯ ಚಪ್ಪಡಿ ಕಲ್ಲಿನ ಮೇಲೆ ಮಾವ. ಬೆಳಿಗ್ಗೆ ಕೂತರೆಂದರೆ ಮನೆಯ ನೆರಳು ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು, ಮಾವ ಹೋಗುತ್ತಿರಲಿಲ್ಲ. ಮದುವೆಯಾದ ದಿನದಿಂದ ಅತ್ತೆ ಗಂಡನ ಜೊತೆ ಆಡಿದ್ದು ಒಂದೇ ಮಾತು: "ಏಳ್ರೀ!"

"ಏಳ್ರೀ, ಮಳೆ ಬಂತು, ಹಪ್ಪಳ ನೆನೀತವೆ!"

"ನೆಂದಿದ್ದು ನಾಳೆ ಒಣಗ್ತದೆ ಕಣೇ. ಕೂತೋನು ಎದ್ರೆ ಮತ್ತೆ ಸರಿಯಾಗಿ ಕೂತ್ಕಳಕ್ಕೆ ಎಷ್ಟ್ ಹೊತ್ತು ಬೇಕು ಗೊತ್ತಾ ನಿಂಗೆ?"

ಮಾವ ಹೋದದ್ದೂ ಆ ಕಲ್ಲಿನ ಮೇಲೆಯೇ. ಅತ್ತೆ ಕಾಫಿ ತಂದು "ಏಳ್ರೀ" ಎಂದಳು. ಏಳಲಿಲ್ಲ. ದಿನಾ ಇದ್ದದ್ದೇ ಅಲ್ಲವೇ! ಲೋಟ ಪಕ್ಕದಲ್ಲಿಟ್ಟು ಬೈಯುತ್ತಾ ಒಳಗೆ ಹೋದಳು. ಕಾಫಿ ಆರಿ ತಣ್ಣಗಾದ ಮೇಲೆಯೇ ಗೊತ್ತಾದದ್ದು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ ತುಂಬಿ, ಕೂರಿಸಿಯೇ ಮಣ್ಣು ಮಾಡುವುದು. ಅವರೆ ಹೊಲದ ಮೂಲೆಯಲ್ಲಿ, ಬಿಲ್ವದ ಗಿಡದ ಕೆಳಗೆ ಮಾವ ಕೂತರು. ಇಷ್ಟು ಅನುಕೂಲವಾದ ಸಂಪ್ರದಾಯ ಅವರಿಗೆ ಬೇರೆಲ್ಲಿ ಸಿಕ್ಕೀತು ಹೇಳಿ!

ಆಮೇಲೆ ಒಂದು ದಿನ ಮೂರು ಕಾಲಿನ ಯಂತ್ರ ಹೊತ್ತುಕೊಂಡು ಸರ್ವೆಯವರು ಬಂದರು. ಹೊಲದ ಉದ್ದಕ್ಕೂ ಕಲ್ಲು ನೆಡುತ್ತಾ ಹೋದವರು, ಒಂದು ಕಲ್ಲನ್ನು ಬಿಲ್ವದ ಗಿಡದ ಬುಡಕ್ಕೇ ನೆಟ್ಟರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಓಡಿದಳು.

"ಏನಯ್ಯ ಇದು?"

"ರಿಂಗ್ ರೋಡ್ ಬರತ್ತಮ್ಮ. ಮೈಸೂರ್ ರೋಡಿಂದ ನಾಗರಬಾವಿ ಮೇಲೆ ಬಂದು, ಇಲ್ಲಿ ಮಾಗಡಿ ರೋಡ್ ದಾಟಿ, ತುಮಕೂರ್ ರೋಡಿಗೆ ಹೋಗತ್ತೆ."

"ಅಲ್ಲಿಂದ?"

"ಅಲ್ಲಿಂದ ಊರೆಲ್ಲಾ ಸುತ್ಕೊಂಡು ಮತ್ತೆ ಮೈಸೂರ್ ರೋಡಿಗೇ ಬರತ್ತೆ."

"ಹೊರಟಲ್ಲಿಗೇ ಬರೋದಾದ್ರೆ ಹೋಗೋದ್ಯಾಕೆ? ನಮ್ಮನೇರು ಅದನ್ನೇ ಕೂತ್ಕಂಡು ಮಾಡ್ತಿದ್ರು, ಅವರನ್ನ ಊರೆಲ್ಲಾ ಸೋಮಾರಿ ಅಂತಿತ್ತು!"

ಬಸವೇಶ್ವರನಗರದಿಂದ ರಜೆಗೆಂದು ಹೋಗಿದ್ದ ನನಗೆ ಸಂಜೆ ಅದರ ಬಗ್ಗೆಯೇ ಉಪನ್ಯಾಸ. "ಊರಿಗೆ ಉಡಿದಾರ ಕಟ್ತಾರಂತೆ ಕಣೇ! ಕೂಸು ದಿನದಿನಕ್ಕೂ ಊದ್ಕತಾ ಐತೆ. ಇವ್ರು ಈವತ್ತಿನ ಸೊಂಟಕ್ಕೆ ಅಳತೆ ತಗೊಂಡವ್ರೆ. ನಾಳೆ ಹೊಟ್ಟೆ ದಾರದ್ ಮೇಲೆ ಜೋತಾಡ್ತದೆ, ನೋಡ್ತಾ ಇರು!" ನೀವೂ ಈಗ ಸುಂಕದಕಟ್ಟೆ ಸಿಗ್ನಲ್ಲಿನಲ್ಲಿ ನಿಂತೇ ಇದನ್ನು ಓದುತ್ತಿರಬಹುದು. ಹೊಟ್ಟೆ ಜೋತಾಡುತ್ತಿದೆಯೋ ಇಲ್ಲವೋ, ನೀವೇ ಹೇಳಿ.

ಮರುದಿನದಿಂದ ಅತ್ತೆ ಎಮ್ಮೆಯನ್ನು ಆ ಸರ್ವೆ ಕಲ್ಲಿಗೇ ಕಟ್ಟತೊಡಗಿದಳು. ನಮ್ಮ ಎಮ್ಮೆ ಮಾವನ ಹಾಗಲ್ಲ, ಕೂತಲ್ಲಿ ಕೂರುವ ಜಾತಿಯೇ ಅಲ್ಲ! ಕಲ್ಲನ್ನು ಬೇರು ಸಮೇತ ಕಿತ್ತು, ಹಗ್ಗದಲ್ಲಿ ಎಳೆದುಕೊಂಡು ಕೆರೆಗೆ ಇಳಿಯಿತು. ಸರ್ವೆಯವರು ಬಂದು ಹುಡುಕಿದರು.

"ಕಲ್ಲೆಲ್ಲಮ್ಮ?"

"ರೋಡು ಸ್ನಾನಕ್ಕೆ ಹೋಗೈತೆ, ಕೂತ್ಕಳಿ. ಬರತ್ತೆ."

ಮತ್ತೆ ನೆಟ್ಟರು. ಮತ್ತೆ ಎಮ್ಮೆ. ಕೊನೆಗೆ ಜೀಪಿನಲ್ಲಿ ಒಬ್ಬ ಆಫೀಸರ್ರೇ ಬಂದರು. ರಜೆ ಮುಗಿಸಿ ಮನೆಗೆ ಮರಳಿದ್ದ ನನ್ನನ್ನು ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಅಪ್ಪನೂ ಓಡಿಬಂದರು. ಅಕ್ಕನನ್ನು ಜೈಲಿಗೆ ಹಾಕಿಬಿಟ್ಟರೆ ಎಂಬ ಭಯ ಅವರಿಗೆ.

"ಅಮ್ಮಾರ, ಸರ್ಕಾರಿ ಕಲ್ಲು ಕೀಳಬಾರದ್ರಿ" ಎಂದರು ಆಫೀಸರ್. ಹುಬ್ಬಳ್ಳಿ ಕಡೆಯ ಮಾತು.

"ನಾನ್ ಕಿತ್ತಿಲ್ಲ. ಎಮ್ಮೆನ ಕೇಳಿ."

"ಸಮಾಧಿ ಬ್ಯಾರೆ ಕಡೆ ಮಾಡಿಸ್ಕೋರಿ. ಒಳಗಿದ್ದವರನ್ನ ಎಬ್ಬಿಸಿ…"

"ಎಬ್ಬಿಸಿ ನೋಡಿ!" ಅತ್ತೆ ಗುಡುಗಿದಳು. "ಮದುವೆ ಆದಾಗಿಂದ ನಾನು ಎಬ್ಬಿಸಿ ನೋಡಿದೀನಿ. ಬದುಕಿದ್ದಾಗ ನನ್ನ ಮಾತಿಗೇ ಏಳದೋರು ಈವಾಗ ನಿಮ್ಮ ಮಾತಿಗೆ ಏಳ್ತಾರಾ? ಅವರು ಮಲ್ಗಿಲ್ಲ ಸ್ವಾಮಿ, ಕೂತವ್ರೆ!"

"ಅಕ್ಕಾ, ಸುಮ್ನಿರು" ಎಂದರು ಅಪ್ಪ.

"ನೀನು ಸುಮ್ನಿರೋ!"

ಆಫೀಸರ್ ಕಾಲಿನ ಬೂಟು ನೋಡಿಕೊಂಡರು. ಬಗ್ಗಿ, ಲೇಸು ಬಿಚ್ಚಿ, ಬೂಟು ಬದುವಿನ ಮೇಲಿಟ್ಟು ಬಂದರು. "ನಮ್ಮಪ್ಪನ್ನೂ ಹೊಲದಾಗ ಕುಂದ್ರಿಸೀವ್ರಿ" ಎಂದರು ಮೆಲ್ಲಗೆ. ಆಮೇಲೆ ಹೊಲವನ್ನೂ ಮನೆಯನ್ನೂ ಬಹಳ ಹೊತ್ತು ನೋಡಿ, "ರೋಡಿನ ಗೆರಿ ಇನ್ನೂ ಪಕ್ಕಾ ಆಗಿಲ್ರಿ. ಸರಸ್ರಿ ಅಂತ ಮ್ಯಾಲಿನವರಿಗೆ ಹೇಳಬಹುದು. ಆದ್ರ ಸರಸಿದ್ರ ನಿಮ್ಮ ಮನಿ ಮ್ಯಾಲೆ ಬರತೈತಿ. ಎರಡೂ ಉಳಿಯಂಗಿಲ್ರಿ" ಎಂದರು.

ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ. "ಮನೆ ಮೇಲೆ ಹಾಕ್ಕಳಿ."

"ಅಕ್ಕಾ! ಇರೋದು ಇದೊಂದೇ ಮನೆ!"

"ಮನೆ ಎಬ್ಬಿಸ್ಬೋದು ಕಣೋ. ಅವರನ್ನ ಎಬ್ಬಿಸಕ್ಕಾಗಲ್ಲ."

ಗೆರೆ ಸರಿಯಿತು. ಊರವರು ಆಡಿಕೊಂಡರು: ಬದುಕೋ ಮನೆ ಕೊಟ್ಟು ಸಮಾಧಿ ಉಳಿಸ್ಕೊಂಡ ಹುಚ್ಚಿ! "ಗಂಡ ನನ್ನೋರು, ಮನೆ ನಂದು. ನಿಮ್ಮ ಗಂಟೇನ್ ಹೋಯ್ತು?" ಎಂದು ಅತ್ತೆ ಬಾಯಿ ಮುಚ್ಚಿಸಿದಳು. ರಸ್ತೆ ಬರುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು. ಅಲ್ಲಿಯವರೆಗೆ ಹಾಯಾಗಿ ಇರಬಹುದಿತ್ತು. ಇದ್ದಳೇ? "ಅವ್ರು ಬಂದು ಹೊರಡು ಅನ್ನೋಗಂಟ ನಾನ್ಯಾಕೆ ಕಾಯ್ಲಿ?" ಎಂದು ತಾನೇ ಮುಂದೆ ನಿಂತು ಹೆಂಚು ಇಳಿಸಿದಳು. ಅಪ್ಪ ಬಸವೇಶ್ವರನಗರಕ್ಕೆ ಬಾ ಎಂದು ಅಂಗಲಾಚಿದರು. ಬರಲಿಲ್ಲ. ಬಿಲ್ವದ ಗಿಡದ ಪಕ್ಕ ಒಂದು ಶೀಟಿನ ಕೋಣೆ ಹಾಕಿಸಿಕೊಂಡಳು. ಹಳೆಯ ಮನೆಯಿಂದ ಹಟ ಹಿಡಿದು ಸಾಗಿಸಿದ್ದು ಒಂದನ್ನೇ, ಜಗಲಿಯ ಆ ಚಪ್ಪಡಿ ಕಲ್ಲು. ಅದನ್ನು ಸಮಾಧಿಗೆ ಒತ್ತಿ ಹಾಕಿಸಿದಳು.

ಹಾಕಿಸಿದ ದಿನ ಸಂಜೆ ನಾನು ಅಲ್ಲಿದ್ದೆ. ಅತ್ತೆ ಎರಡು ಲೋಟ ಕಾಫಿ ತಂದಳು. ಒಂದು ನನಗೆ ಎಂದು ಕೈ ಚಾಚಿದೆ. ಕೊಡಲಿಲ್ಲ. ಅದನ್ನು ಸಮಾಧಿಯ ಮುಂದಿಟ್ಟು, ಮಂಡಿ ಹಿಡಿದುಕೊಂಡು, ಮಾವ ಕೂರುತ್ತಿದ್ದ ಆ ಕಲ್ಲಿನ ಮೇಲೆ ಮೊದಲ ಸಲ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕಕ್ಕೆ ತಿರುಗಿ, ಅವಳ ಬಾಯಲ್ಲಿ ನಾನೆಂದೂ ಕೇಳಿರದ ಮೆಲುದನಿಯಲ್ಲಿ ಹೇಳಿದಳು:

"ಕೂತಿರಿ, ಏಳ್ಬೇಡಿ. ನಾನೇ ಎದ್ದು ಬಂದೆ."