ಗದ್ದೆಯಲ್ಲಿ ಅಹವಾಲು

ಎಲ್ಲ ಫಜೀತಿಗೂ ಮೂಲ ಜಯಂತಿ ಫೋನಿನಲ್ಲಿ ಆಡಿದ ಒಂದು ಮಾತು. "ಸಸಿ ಬಲಿತು ಹೋಗ್ತಾ ಉಂಟು. ನಟ್ಟಿಗೆ ಆಳೇ ಸಿಕ್ಕೂದಿಲ್ಲ."

ದಿಲ್ಲಿಯಲ್ಲಿದ್ದ ಅವಳ ಗಂಡ, ಸಂಸದ ನಾಗು ನಾಯಕರು, ಅಧಿವೇಶನಕ್ಕೆ ಬಿಡುವು ಸಿಕ್ಕಿದ್ದೇ ತಮ್ಮೂರು ಅವರ್ಸಾಕ್ಕೆ ಬಂದಿಳಿದರು. ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಒಡ್ಡು ಕಟ್ಟಿಸಿ ಎಂದು ಕಚೇರಿ ಕಚೇರಿ ಅಲೆದು, ಕಡೆಗೂ ಕಟ್ಟಿಸಿಯೇ ಬಿಟ್ಟ ರೈತ ಅವರು. ಆ ಹಟ ನೋಡಿಯೇ ಊರು ಅವರನ್ನು ಪಂಚಾಯ್ತಿಗೆ ಆರಿಸಿತ್ತು, ಜಿಲ್ಲೆ ಲೋಕಸಭೆಗೆ ಕಳಿಸಿತ್ತು. ಅಷ್ಟು ದೊಡ್ಡವರಾದರೂ ಗದ್ದೆ ಮಾರಿರಲಿಲ್ಲ.

ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ಹಿತ್ತಲ ಬಾಗಿಲಿಂದ ಜಾರಿಕೊಂಡು ಗದ್ದೆಗಿಳಿದರು. ಒಂದು ಸಾಲು ನೆಡುವಷ್ಟರಲ್ಲಿ ಪಕ್ಷದ ಕಾರ್ಯದರ್ಶಿ ರೂಪೇಶ ಪತ್ತೆ ಹಚ್ಚಿದ. ಅವನ ಹಿಂದೆ, ಮೀನುದೋಣಿ ಕಂಡ ಕಾಗೆಗಳ ಹಾಗೆ ಜನ.

"ಮೇಲೆ ಬನ್ನಿ ಸರ್, ಎಲ್ಲಾ ಕಾಯ್ತಾ ಇದ್ದಾರೆ."

"ನಾ ಮೇಲೆ ಬಂದ್ರೆ ನಟ್ಟಿ ಯಾರು ಮಾಡೂದು? ಅಹವಾಲು ಇದ್ದವ್ರು ಕೆಳಗೆ ಇಳೀರಿ. ನೆಡ್ತಾ ಹೇಳಿ, ನೆಡ್ತಾ ಕೇಳ್ತೆ."

ಮೊದಲು ಇಳಿದವಳು ಮುದುಕಿ ಗಂಗೂ. "ಪಿಂಚಣಿ ನಿಂತು ಹೋಗ್ಯದೆ, ನಾಗಣ್ಣ. ಮತ್ತೆ ನಿನ್ನ ಸಾಲು ಹಾವು ಹರಿದ ಹಾಗೆ ಹೋಗ್ತಾ ಉಂಟು, ನೆಟ್ಟಗೆ ಹಾಕು."

ನಾಯಕರು ಸಾಲು ನೆಟ್ಟಗೆ ಮಾಡಿದರು. ಕೆಸರುಗೈಯಲ್ಲೇ ತಹಶೀಲ್ದಾರರಿಗೆ ಫೋನು ಹಚ್ಚಿ ಪಿಂಚಣಿಯನ್ನೂ ನೆಟ್ಟಗೆ ಮಾಡಿಸಿದರು. ನಮಿತಾ ಟೀಚರು ಸೋರುವ ಶಾಲೆಯ ಕತೆ ಹೇಳುತ್ತ ಅರ್ಧ ಗದ್ದೆ ನೆಟ್ಟರು. ಸಮಜಾಯಿಷಿ ಕೊಡಲು ಬಂದ ಇಂಜಿನಿಯರನ ಪ್ಯಾಂಟೂ ಮೊಣಕಾಲಿಗೆ ಏರಿತು. ಹೆಂಚು ಹಾಕಿಸುವ ಮಾತು ಕೊಡುವವರೆಗೆ ನಾಯಕರು ಅವನಿಗೆ ಸೊಂಟ ಎತ್ತಲು ಬಿಡಲಿಲ್ಲ. ಸಸಿಕಟ್ಟು ಹೊತ್ತು ಹೊತ್ತು ರೂಪೇಶನ ಇಸ್ತ್ರಿ ಅಂಗಿ ಗುರುತೇ ಸಿಗದಂತಾಯಿತು.

ಜಯಂತಿ ಗಂಜಿ ತರುವಾಗ ಗದ್ದೆಯೆಲ್ಲ ಹಸಿರು. "ನಿಮ್ಮ ರಾಜಕೀಯ ನಮ್ಮನೆಗೆ ಉಪಯೋಗ ಆದದ್ದು ಇವತ್ತೇ," ಅಂದಳು.

ನಾಯಕರು ಬದುವಿನ ಮೇಲೆ ಬೆನ್ನು ಚಾಚಿದರು. ನಾಳೆ ಇಡೀ ದಿನ ನಿದ್ದೆ ಎಂದುಕೊಂಡರು. ಕಣ್ಣು ಬಿಟ್ಟರೆ ಪಕ್ಕದ ಗದ್ದೆಯ ಕುಪ್ಪ ಕೈಮುಗಿದು ನಿಂತಿದ್ದ.

"ನಿಂದೆಂತ ಅಹವಾಲು?"

"ನಂಗೆ ರಸ್ತೆ ಬೇಡ, ಲೈಟು ಬೇಡ. ನಾಳೆ ನೀವು ನಮ್ಮ ಗದ್ದೆಗೆ ಇಳಿದ್ರೆ ಸಾಕು. ಜನ ತನ್ನಷ್ಟಕ್ಕೆ ಬರ್ತದೆ."

"ನಾಡಿದ್ದು ನಮ್ಮದು," ಎಂದಳು ಗಂಗೂ.

ನಾಯಕರು ಕಾಪಾಡು ಎಂಬಂತೆ ಹೆಂಡತಿಯ ಮುಖ ನೋಡಿದರು. ಜಯಂತಿ ಗಂಜಿ ಬಡಿಸುತ್ತಲೇ ಹೇಳಿದಳು, "ಕೇಳ್ದವ್ರಿಗೆ ಇಲ್ಲ ಅನ್ನೂಕೆ ಇವರಿಗೆ ಬರೂದಿಲ್ಲ. ಕುಪ್ಪ, ಬೆಳಿಗ್ಗೆ ಬೇಗ ಸಸಿ ಕಿತ್ತಿಡು."

ನಾಯಕರು ಸೊಂಟ ಹಿಡಿದುಕೊಂಡು ಎದ್ದು ಕುಳಿತರು.

"ನಿಂದು ಎಷ್ಟು ಗದ್ದೆ ಮಾರಾಯ?"