ಕಾಫಿ ಡಬ್ಬಿ ಅಟ್ಟದ ಮೇಲೆ, ಕಡ್ಡಿಪುಡಿ ರಾಗಿಹಿಟ್ಟಿನಲ್ಲಿ

ಕಾಫಿ ಕುಡಿಯುವವರು ಕುಡಿದು, ಲೋಟ ತೊಳೆದಿಟ್ಟು ಸುಮ್ಮನಾಗುತ್ತಾರೆ. ಕಾಫಿ ಬಿಟ್ಟವರ ಸಮಾಚಾರ ಹಾಗಲ್ಲ. ಅವರು ಬಿಟ್ಟ ಸಂಗತಿಯನ್ನು ಹಾಲಿನವನಿಗೆ ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುತ್ತಾರೆ, ಯಾರೂ ಕೇಳದಿದ್ದರೆ 'ಯಾಕೋ ನನ್ನ ಮುಖ ಸಪ್ಪಗಿದೆ ಅನ್ನಿಸುತ್ತಾ ನಿಮಗೆ' ಎಂದು ತಾವೇ ಪೀಠಿಕೆ ಹಾಕಿಕೊಂಡು ಹೇಳುತ್ತಾರೆ. ಇಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೋದ ಬೇಸಿಗೆಯ ಮುಂಚೆ ನಾನೇ ಅಂಥವಳಾಗಿಬಿಟ್ಟಿದ್ದೆ. ಈಗ ನಿಮ್ಮನ್ನು ಹಿಡಿದು ಕೂರಿಸಿಕೊಂಡು ಹೇಳುತ್ತಿರುವುದೂ ಆ ಚಾಳಿಯ ಉಳಿಕೆಯೇ ಇರಬೇಕು. ಸ್ವಲ್ಪ ಸಹಿಸಿಕೊಳ್ಳಿ.

ಬೆಳಿಗ್ಗೆ ಎದ್ದ ತಕ್ಷಣ ಒಂದು ಕಾಫಿ, ಅಡುಗೆ ಮುಗಿಸಿ ಇನ್ನೊಂದು ಕಾಫಿ, ಆಮೇಲೆ ಮಧುಗಿರಿಯಲ್ಲಿ ಬಸ್ ಹತ್ತಿ ಕೊಡಿಗೇನಹಳ್ಳಿಯಲ್ಲಿ ಇಳಿದು ಶಾಲೆ ಸೇರಿದರೆ ಟೀ. ಶಾಲೆಯಲ್ಲಿ ನಾನು ವಿಜ್ಞಾನದ ಮೇಡಂ. ಹಿಂದಿ ಹೇಳಿಕೊಡುವ ಶಕೀಲಾ ಮೇಡಂ ಸಿರಾ ಕಡೆಯವರು. ನಾವಿಬ್ಬರೂ ಎದುರಿನ ಹೋಟೆಲಿನಿಂದ ಒಂದು ಟೀ ತರಿಸಿ ಬೈಟು ಮಾಡುತ್ತಿದ್ದೆವು. ಅರ್ಧ ಟೀ ಲೆಕ್ಕಕ್ಕಿಲ್ಲ ಎಂಬುದು ಇಬ್ಬರ ನಂಬಿಕೆ. ಹಾಗಾಗಿ ದಿನಕ್ಕೆ ಎಷ್ಟು ಬೈಟು ಆಗುತ್ತಿತ್ತು ಎಂದು ಇಬ್ಬರೂ ಎಣಿಸಿರಲಿಲ್ಲ. ವಿಜ್ಞಾನ ಓದಿದವಳಿಗೆ ಇಷ್ಟು ಗೊತ್ತಾಗಬಾರದೇ ಎಂದು ನೀವು ಕೇಳಬಹುದು. ಗೊತ್ತಾಗುವುದಕ್ಕೂ ಬಿಡುವುದಕ್ಕೂ ನಡುವೆ ಬಹಳ ದೂರ ಇದೆ.

ಬಿಡುವ ಯೋಚನೆ ನನ್ನದಾಗಿರಲೇ ಇಲ್ಲ. ನಮ್ಮ ಮನೆಯವರು ಕರೆಂಟ್ ಆಫೀಸಿನಲ್ಲಿದ್ದಾರೆ. ಎಲೆ, ಅಡಿಕೆ, ಸುಣ್ಣ, ಅದರ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ, ಇಷ್ಟನ್ನೂ ಬಲಗೆನ್ನೆಯಲ್ಲಿ ಇಟ್ಟುಕೊಂಡೇ ಅವರು ಮನುಷ್ಯರ ಜೊತೆ ಮಾತಾಡುವುದು. ನಮ್ಮ ಮದುವೆಯ ಫೋಟೋದಲ್ಲೂ ಆ ಕೆನ್ನೆ ಊದಿಕೊಂಡಿದೆ. ಹಲ್ಲುನೋವು ಎಂದು ಒಮ್ಮೆ ದಂತವೈದ್ಯರ ಹತ್ತಿರ ಹೋದೆವು. ಅವರು ನೋಯುವ ಹಲ್ಲನ್ನು ಬಿಟ್ಟು ಕೆನ್ನೆಯ ಒಳಗಿದ್ದ ಒಂದು ಬಿಳಿ ಮಚ್ಚೆಯನ್ನೇ ದೀಪ ಹಿಡಿದು ನೋಡಿದರು. "ಕಡ್ಡಿಪುಡಿ ಇವತ್ತೇ ಬಿಟ್ಟರೆ ಇದು ಹೋಗಬಹುದು. ಬಿಡಲ್ಲ ಅಂದರೆ ಮುಂದೆ ನನ್ನ ಹತ್ತಿರ ಬಂದು ಪ್ರಯೋಜನ ಇಲ್ಲ, ದೊಡ್ಡಾಸ್ಪತ್ರೆಗೇ ಹೋಗಬೇಕು," ಎಂದರು. ಆ ಮಚ್ಚೆ ಎಷ್ಟು ದೊಡ್ಡದು ಎಂದು ನಾನು ಎರಡೆರಡು ಸಲ ಕೇಳಿದೆ. ನಮ್ಮ ಮನೆಯವರು ಮಾತ್ರ ಹೊರಗೆ ಬಂದು, ಚಪ್ಪಲಿ ಹಾಕಿಕೊಳ್ಳುವ ಮುಂಚೆ, ಅಭ್ಯಾಸಬಲದಿಂದ ಜೇಬಿನ ಡಬ್ಬಿ ತಡವಿದರು.

ಅವತ್ತು ಮನೆಯಲ್ಲಿ ನಾನು ಅತ್ತೆ, ಬೈದೆ, ಪಠ್ಯಪುಸ್ತಕದ ಚಿತ್ರ ತೋರಿಸಿದೆ. ಎಲ್ಲ ಮುಗಿಯುವ ತನಕ ಸುಮ್ಮನಿದ್ದು ಅವರು ಒಂದೇ ಮಾತು ಹೇಳಿದರು. "ಆಯ್ತು. ನೀನು ಕಾಪಿ ಟೀ ಬುಡು, ನಾನು ಇದು ಬುಡ್ತೀನಿ. ನೀನು ಯಾವತ್ತು ಕುಡಿದ್ಯೋ ಅವತ್ತು ನಂದೂ ಶುರು."

"ಕಾಫಿಗೂ ಕಡ್ಡಿಪುಡಿಗೂ ಎಲ್ಲಿಯ ಹೋಲಿಕೆ ರೀ?"

"ಚಟ ಚಟಾನೇ ಕಣೆ. ಹೇಳೋದು ಸುಲ್ಭ, ಬುಟ್ಟು ತೋರ್ಸು."

ಒಪ್ಪಿಕೊಂಡೆ. ಅವರ ಡಬ್ಬಿ ನನ್ನ ವಶಕ್ಕೆ, ನನ್ನ ಕಾಫಿಪುಡಿ ಡಬ್ಬಿ ಅವರ ವಶಕ್ಕೆ. ಅವರು ಏಣಿ ತಂದು ನನ್ನದನ್ನು ಅಟ್ಟದ ಮೇಲೆ, ಹಳೆಯ ಟ್ರಂಕಿನ ಹಿಂದಕ್ಕೆ ತಳ್ಳಿದರು. ನಾನು ಅವರದನ್ನು ರಾಗಿಹಿಟ್ಟಿನ ಡ್ರಮ್ಮಿನ ತಳದಲ್ಲಿ ಹೂತಿಟ್ಟೆ. ಗಂಡಸರು ಮನೆಯಲ್ಲಿ ಎಲ್ಲಿ ಬೇಕಾದರೂ ಕೈ ಹಾಕುತ್ತಾರೆ, ಹಿಟ್ಟಿನ ಡ್ರಮ್ಮಿಗೆ ಹಾಕುವುದಿಲ್ಲ ಎಂದು ನನ್ನ ಅನುಭವ.

ಮೊದಲ ದಿನ ಬಹಳ ಚೆನ್ನಾಗಿತ್ತು. ಇಷ್ಟೇನಾ ಎನ್ನಿಸಿತು. ಮಾರನೆಯ ದಿನ ಹಣೆಯ ಹಿಂದೆ, ಎರಡು ಕಣ್ಣುಗಳ ನಡುವೆ, ಯಾರೋ ಮೆಲ್ಲಗೆ ಕುಟ್ಟಲು ಶುರು ಮಾಡಿದರು. ಅದರ ಮಾರನೆಯ ದಿನ ಆ ಕುಟ್ಟುವವರು ನೆಂಟರನ್ನೂ ಕರೆದುಕೊಂಡು ಬಂದರು. ತಲೆಗೆ ಟವಲ್ ಬಿಗಿದುಕೊಂಡು ಅಡುಗೆಮನೆಯ ಗೋಡೆಗೆ ಒರಗಿ ಕೂತೆ. ಹಾಲು ಉಕ್ಕುವ ಸದ್ದಿಗೆ ಸಿಟ್ಟು, ಹಾಲು ಉಕ್ಕದಿದ್ದರೂ ಸಿಟ್ಟು. ಆಕಳಿಕೆ ಬಸ್ಸಿನಲ್ಲಿ ಶುರುವಾದರೆ ಕೊಡಿಗೇನಹಳ್ಳಿ ತನಕ ನಿಲ್ಲುತ್ತಿರಲಿಲ್ಲ. ನನ್ನನ್ನು ನೋಡಿ ಕಂಡಕ್ಟರೂ ಆಕಳಿಸುತ್ತಿದ್ದರು. ತರಗತಿಯಲ್ಲಿ ಹೃದಯದ ಪಾಠ ಮಾಡುತ್ತ ಮನುಷ್ಯನ ಹೃದಯಕ್ಕೆ ಮೂರು ಕೋಣೆ ಎಂದೆ. ಮುಂದಿನ ಬೆಂಚಿನ ಹುಡುಗಿ ಬಹಳ ವಿನಯದಿಂದ, "ಮೇಡಂ, ನೆನ್ನೆ ನಾಲ್ಕಿತ್ತು," ಎಂದಳು.

ಶಕೀಲಾ ಮೇಡಂ ಸ್ಥಿತಿ ನನಗಿಂತ ಕಷ್ಟವಾಗಿತ್ತು. ಬೈಟುವಿನ ಇನ್ನರ್ಧ ಏನು ಮಾಡುವುದೆಂದು ಅವರಿಗೆ ತಿಳಿಯಲಿಲ್ಲ. "ಪೂರಾ ಟೀ ಒಬ್ಬಳೇ ಕುಡಿಯೋಕೆ ದಿಲ್ ಇಲ್ಲ ಮೇಡಂ. ನೀವು ಕುಡೀಬೇಡಿ. ಎದುರಿಗೆ ಅರ್ಧ ಇಟ್ಕೊಂಡು ಕೂತ್ಕೊಳಿ ಸಾಕು," ಎಂದರು. ನಾನು ಹಾಗೆಯೇ ಕೂತೆ. ಆ ಅರ್ಧ ಟೀ ನನ್ನ ಕಣ್ಣೆದುರಿಗೇ ಆರಿ, ಕೆನೆ ಕಟ್ಟಿ, ಸುಕ್ಕಾಗುವುದನ್ನು ದಿನವೂ ನೋಡಿದೆ.

ಇನ್ನು ಊರಿನವರ ಔಷಧಿಗಳು. ಕಾಫಿ ಬಿಟ್ಟೆ ಎಂದರೆ ಸಾಕು, ಪ್ರತಿಯೊಬ್ಬರ ಹತ್ತಿರವೂ ಒಂದು ಕಷಾಯ ಇರುತ್ತದೆ. ಪಕ್ಕದ ಮನೆಯವರು ಕೊತ್ತಂಬರಿ ಬೀಜ ಎಂದರು, ಹಾಲಿನವನು ಜೀರಿಗೆ ಎಂದ. ಶಾಲೆಯ ಎದುರಿನ ಹೋಟೆಲಿನವರು ಪಾವಗಡದ ಕಡೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತದೆ. ಅವರು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂದುಕು ಮೇಡಂ ಇವೆಲ್ಲ, ಒಂದು ಟೀ ಕುಡುದ್ರೆ ಆಯ್ತದಲ್ಲ," ಎಂದು ಕಾಯಿಲೆಯನ್ನೂ ಔಷಧಿಯನ್ನೂ ಒಟ್ಟಿಗೆ ಹೇಳಿಬಿಟ್ಟರು. ನಾನು ಎಲ್ಲ ಕಷಾಯಗಳನ್ನೂ ಕುಡಿದೆ. ಎಲ್ಲವೂ ಒಳ್ಳೆಯವೇ. ಯಾವುದೂ ಕಾಫಿಯಲ್ಲ, ಅಷ್ಟೇ ಅವುಗಳ ದೋಷ.

ನಮ್ಮ ಮನೆಯವರೂ ಸುಖವಾಗಿರಲಿಲ್ಲ. ಸೋಂಪು ಅಗಿದರು, ಲವಂಗ ಕಚ್ಚಿದರು, ಪೊರಕೆಯ ಕಡ್ಡಿ ಮುರಿದು ಕಚ್ಚಿದರು. ಇಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಮೂಲೆ ಹಿಡಿದು ಕೂತು, ಇನ್ನೊಬ್ಬರು ಯಾವಾಗ ಸೋಲುತ್ತಾರೆ ಎಂದು ಓರೆಗಣ್ಣಿನಿಂದ ನೋಡುತ್ತಿದ್ದೆವು. ಹೀಗಿರುವಾಗ ಒಂದು ದಿನ ಊಟಕ್ಕೆ ಕೂತವರು ಮುದ್ದೆ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಇವತ್ತು ಮುದ್ದೆ ಭಾಳ ಚೆನ್ನಾಗೈತೆ ಕಣೆ, ಇನ್ನೊಂದು ಇಕ್ಕು," ಎಂದರು. ನಾನು ಒಂದು ತುತ್ತು ನುಂಗಿ ನೋಡಿದೆ. ರಾಗಿಗೆ ಕಡ್ಡಿಪುಡಿಯ ವಾಸನೆ ಹತ್ತಿತ್ತು. ಡಬ್ಬಿಯನ್ನು ತೆಗೆದು ಬೀರುವಿಗೆ ಸಾಗಿಸಿ, ಹಿಟ್ಟನ್ನೆಲ್ಲ ಎದುರು ಮನೆಯ ಹಸುವಿಗೆ ಹಾಕಿದೆ. ಹಸು ಮೂಸಿ ನೋಡಿ ಮುಖ ತಿರುಗಿಸಿತು.

ಇಷ್ಟರಲ್ಲಿ ನಮ್ಮ ಮನೆಯವರ ಅಕ್ಕ, ಕೊರಟಗೆರೆಯ ಜಯಮ್ಮ ಅತ್ತಿಗೆ, ಮಗ ಮಂಜುನಾಥನಿಗೆ ಕಳ್ಳಂಬೆಳ್ಳದ ಹತ್ತಿರ ಒಂದು ಹೆಣ್ಣು ಗೊತ್ತುಮಾಡಿಕೊಂಡು ಫೋನ್ ಮಾಡಿದರು. ಹುಡುಗ ಹುಡುಗಿ ಆಗಲೇ ನೋಡಿಕೊಂಡು ಒಪ್ಪಿದ್ದರು. ದೊಡ್ಡವರು ಹೋಗಿ ಮಾತು ಮುಗಿಸಬೇಕಿತ್ತು. ನಮ್ಮಲ್ಲಿ ಸೋದರಮಾವ ಮುಂದೆ ಕೂರದೆ ಇಂಥ ಮಾತು ನಡೆಯುವುದಿಲ್ಲ. ಎಲ್ಲರೂ ಒಂದೇ ಕಾರಿನಲ್ಲಿ ಹೊರಟೆವು.

ನಮ್ಮ ಕಡೆ ಹೆಣ್ಣಿನ ಮನೆಯಲ್ಲಿ ಯಾರೂ 'ನಿಮ್ಮ ಸಂಬಂಧ ಬೇಡ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಕಾಫಿ ಕುಡಿದರೆ ಮಾತು ಮುಂದಕ್ಕೆ ಹೋಗುತ್ತದೆ. ಲೋಟ ಮುಟ್ಟದಿದ್ದರೆ ಅಲ್ಲಿಗೆ ಮುಗಿಯಿತು. 'ಈಗ ತಾನೇ ಆಯ್ತು', 'ನಂಗೆ ಗ್ಯಾಸ್ಟ್ರಿಕ್ಕು' ಎಂಬವೆಲ್ಲ ನೋವಾಗದ ಹಾಗೆ ಬೇಡ ಎನ್ನುವ ಮಾತುಗಳು. ನನಗಿದು ಚೆನ್ನಾಗಿ ಗೊತ್ತು. ನನ್ನನ್ನೇ ಮೊದಲು ನೋಡಲು ಬಂದವನೊಬ್ಬ ಗ್ಯಾಸ್ಟ್ರಿಕ್ ಎಂದು ಹೇಳಿ ಲೋಟ ಮುಟ್ಟದೆ ಎದ್ದುಹೋಗಿದ್ದ. ಎಷ್ಟೋ ವರ್ಷದ ಮೇಲೆ ಅವನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದುದನ್ನು ಕಂಡು ನನಗೆ ಹೊಟ್ಟೆ ಉರಿದಿತ್ತು.

ಇಷ್ಟೆಲ್ಲ ಗೊತ್ತಿದ್ದವಳು ಏನು ಮಾಡಿದೆ ಕೇಳಿ. ಹುಡುಗಿಯ ಅಜ್ಜಿ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ನನ್ನ ಮುಂದೆ ಬಂದಾಗ, ಊರಿಗೆಲ್ಲ ಹೇಳಿ ಹೇಳಿ ಪಳಗಿದ್ದ ನಾಲಿಗೆ ತಾನಾಗಿಯೇ ಹೊರಳಿತು. "ಬೇಡಮ್ಮ, ನಾನು ಕಾಫಿ ಟೀ ಎರಡೂ ಬಿಟ್ಟಿದ್ದೀನಿ."

ಅಜ್ಜಿ ಅಲ್ಲೇ ನಿಂತಿತು. "ಬುಟ್ಟಿದೀರಾ? ಯಾವಾಗ ಬುಟ್ರಿ ತಾಯಿ, ನಮ್ಮ ಹೊಸಲು ದಾಟಿದ್ ಮ್ಯಾಲಾ?"

ಹುಡುಗಿಯ ತಂದೆ ಹೆಗಲ ಟವಲ್ ತೆಗೆದು ಮುಖ ಒರೆಸಿಕೊಂಡು, "ಇರ್ಲಿ ಬುಡವ್ವ, ಬಲವಂತ ಮಾಡ್ಬಾರ್ದು. ಋಣ ಇದ್ದಂಗೆ ಆಯ್ತದೆ," ಎಂದರು. ಜಯಮ್ಮ ಅತ್ತಿಗೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಮಂಜುನಾಥ, "ಇಲ್ಲ ಕಣಜ್ಜಿ, ನಮ್ಮತ್ತೆ ನಿಜವಾಗ್ಲೂ ಬಿಟ್ಟವ್ರೆ," ಎಂದ. ಅಂಥ ಕಡೆ ನಿಜ ಹೇಳಿದರೆ ಇನ್ನೂ ಸುಳ್ಳಿನ ಹಾಗೆ ಕೇಳಿಸುತ್ತದೆ. ಬಾಗಿಲ ಸಂದಿಯಲ್ಲಿ ಹುಡುಗಿಯ ಮುಖ ಕಂಡಿತು. ಅಳುವುದಕ್ಕೆ ಸಿದ್ಧವಾಗಿತ್ತು. ನಾನೂ ಒಮ್ಮೆ ಅಂಥದೇ ಬಾಗಿಲ ಹಿಂದೆ ನಿಂತಿದ್ದೆ.

ಕುಡಿದರೆ ಮಂಜುನಾಥನ ಮದುವೆ. ಕುಡಿದರೆ ನಮ್ಮ ಮನೆಯವರ ಡಬ್ಬಿಯೂ ಬೀರುವಿನಿಂದ ಆಚೆ. ನನಗೆ ಆ ಬಿಳಿ ಮಚ್ಚೆಯೇ ಕಣ್ಣಿಗೆ ಕಟ್ಟಿತು. ಅವರ ಕಡೆ ನೋಡಿದೆ. ಅವರು ಮೆಲ್ಲಗೆ, "ತಗೋ, ಕುಡಿ. ಪಾಪ, ಕಾಯ್ತಾವ್ರೆ," ಎಂದರು. ಇಷ್ಟು ದಿನ ಇದಕ್ಕೇ ಕಾಯುತ್ತಿದ್ದಿರಿ ಅಲ್ಲವೇ ಎಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಲೋಟ ಎತ್ತಿದೆ.

ಕಾಫಿ ನಾಲಿಗೆಗೆ ತಾಗಿದ್ದೇ ತಡ, ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹಣೆಯ ಹಿಂದೆ ಕುಟ್ಟುತ್ತಿದ್ದವರು ಒನಕೆ ಕೆಳಗಿಟ್ಟು ಎದ್ದುಹೋದರು. ಕಣ್ಣಲ್ಲಿ ನೀರು ತುಂಬಿತು. ಅಜ್ಜಿ ಅದನ್ನು ನೋಡಿ, "ನೋಡ್ರಪ್ಪ, ನಮ್ಮ ಮಗು ಮ್ಯಾಲೆ ಎಷ್ಟು ಮನಸಿಕ್ಕವ್ಳೆ ಈಯಮ್ಮ," ಎಂದು ತಾನೂ ಕಣ್ಣೊರೆಸಿಕೊಂಡಿತು. ನಾನು ಇನ್ನೊಂದು ಲೋಟ ಕೇಳಿದೆ. ಅಲ್ಲಿಗೆ ಮದುವೆ ನಿಶ್ಚಯವಾಯಿತು.

ಮಾತು ಮುಗಿದು ತಾಂಬೂಲದ ತಟ್ಟೆ ಬಂತು. ಹುಡುಗಿಯ ತಂದೆ ತಮ್ಮ ಚೀಲದಿಂದ ಕಡ್ಡಿಪುಡಿ ತೆಗೆದು ನಮ್ಮ ಮನೆಯವರ ಅಂಗೈಗೆ ಧಾರಾಳವಾಗಿ ಸುರಿದು, "ಹಾಕ್ಕಳಿ ಸ್ವಾಮಿ," ಎಂದರು. ನಾನು ಮುಖ ಆಚೆ ತಿರುಗಿಸಿಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ ಎಲ್ಲರೂ ಮದುವೆಯ ಮಾತಿನಲ್ಲಿದ್ದರು. ನಾನು ನಮ್ಮ ಮನೆಯವರ ಬಲಗೆನ್ನೆ ನೋಡಿದೆ. ಊದಿರಲಿಲ್ಲ. "ಎಲ್ಲಿ, ಉಗಿದ್ರಾ?" ಎಂದು ಕಿವಿಯಲ್ಲಿ ಕೇಳಿದೆ. ಅವರು ಅಂಗಿಯ ಜೇಬಿನಿಂದ ಮಡಿಸಿದ ಎಲೆ ತೆಗೆದು ತೋರಿಸಿದರು. ಅಡಿಕೆ, ಕಡ್ಡಿಪುಡಿ ಎಲ್ಲ ಹಾಗೆಯೇ ಇತ್ತು. ಕಾರಿನ ಕಿಟಕಿ ಇಳಿಸಿ ಆಚೆ ಎಸೆದರು.

"ಕರಾರು ಮುರಿದಿದ್ದು ನಾನು. ನೀವು ಯಾಕೆ ಹಾಕ್ಕೊಳ್ಳಲಿಲ್ಲ?"

"ನಿನ್ ಕೈಲಿ ಆಗಲ್ಲ ಅಂತ ಗೊತ್ತಿದ್ದೇ ಆ ಕರಾರು ಮಾಡಿದ್ದು ಕಣೆ," ಎಂದರು. "ಎರಡು ದಿನಕ್ಕೆ ನೀನೇ ಕಾಪಿ ಕುಡೀತೀಯ, ನಂಗೂ ದಾರಿ ಆಯ್ತದೆ ಅಂತ. ನೀನು ನೋಡುದ್ರೆ ತಲೆಗೆ ಟವಲ್ ಬಿಗ್ದು ಗೋಡೆಗೆ ಒರಗಿ ಕುಂತ್ಬುಟ್ಟೆ. ನನ್ ಬಾಯಿಗೋಸ್ಕರ ಅಷ್ಟು ನೋವು ತಿಂತಾವ್ಳಲ್ಲ ಅಂತ ಅನ್ನುಸ್ತು. ಆಮೇಲೆ ಹಾಕ್ಕಳಕೆ ಮನಸು ಬರ್ಲಿಲ್ಲ."

ಅವರ ಕೈ ಹಿಡಿದುಕೊಂಡೆ. ಜಯಮ್ಮ ಅತ್ತಿಗೆ ಕನ್ನಡಿಯಲ್ಲಿ ನೋಡಿದರೂ ಬಿಡಲಿಲ್ಲ.

ಮೊನ್ನೆ ಇಬ್ಬರೂ ಮತ್ತೆ ದಂತವೈದ್ಯರ ಹತ್ತಿರ ಹೋಗಿದ್ದೆವು. ಮಚ್ಚೆ ಬಹಳ ಸಣ್ಣದಾಗಿದೆ, ಹೀಗೆಯೇ ಇದ್ದರೆ ಭಯವಿಲ್ಲ ಎಂದರು. ಹೇಗೆ ಬಿಟ್ಟಿರಿ ಎಂದು ವೈದ್ಯರು ಆಶ್ಚರ್ಯದಿಂದ ಕೇಳಿದರು. ನಿಜವಾಗಿ ಬಿಟ್ಟ ಮನುಷ್ಯ ಅದನ್ನು ಯಾರಿಗೂ ಹೇಳಿಕೊಂಡು ತಿರುಗಿದವರಲ್ಲ. ಅವತ್ತೂ ನನ್ನ ಕಡೆ ಕೈ ತೋರಿಸಿ, "ಇವ್ರು ನನಗೋಸ್ಕರ ಕಾಪಿ ಟೀ ಬುಟ್ರು ಡಾಕ್ಟ್ರೇ, ಅದಕ್ಕೇ ನಾನೂ ಬುಟ್ಟೆ," ಎಂದರು.

ವೈದ್ಯರು ಎದ್ದು ನಿಂತು ನನಗೆ ಕೈ ಮುಗಿದರು. ಹೊರಗೆ ಕಾಯುತ್ತಿರುವ ನಾಲ್ಕು ಜನಕ್ಕೆ ನಿಮ್ಮ ಅನುಭವ ಎರಡು ಮಾತು ಹೇಳಿ ಮೇಡಂ ಎಂದು ಕೇಳಿಕೊಂಡರು. ಊರಿಗೆಲ್ಲ ಕರೆದು ಕರೆದು ಹೇಳಿದ್ದ ನಾನು ಅವತ್ತು ಬಾಯಿ ಬಿಗಿ ಹಿಡಿದು, ತಲೆ ಅಲ್ಲಾಡಿಸಿ ಸುಮ್ಮನೆ ನಕ್ಕೆ. ಆಸ್ಪತ್ರೆಗೆ ಬರುವ ಮುಂಚೆ ತಾನೇ ಶಕೀಲಾ ಮೇಡಂ ಜೊತೆ ಬೈಟು ಆಗಿತ್ತು, ಬಾಯಿ ತೆರೆದರೆ ವಾಸನೆ ಬರುತ್ತಿತ್ತು.