ಬೀರುವಿನಲ್ಲಿರುವ ಪ್ರಮಾಣಪತ್ರ ಪ್ರಾಧಿಕಾರಕ್ಕೊಂದು ಬಿನ್ನಹ

ಆಸ್ಪತ್ರೆಯ ಕಂಪ್ಯೂಟರ್ ಕೊಠಡಿಯ ಉಕ್ಕಿನ ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೆಯ ಲ್ಯಾಪ್‌ಟಾಪಿನ ರೂಪದಲ್ಲಿ ವಿರಾಜಮಾನರಾಗಿರುವ ನಮ್ಮ ಖಾಸಗಿ ಪ್ರಮಾಣಪತ್ರ ಪ್ರಾಧಿಕಾರದವರ ಸನ್ನಿಧಾನಕ್ಕೆ, ತಮ್ಮನ್ನು ಹುಟ್ಟಿಸಿದ ತಪ್ಪಿಗೆ ತಮ್ಮ ಊಳಿಗದಲ್ಲಿರುವ ಇದೇ ಕೊಠಡಿಯ ಮೇಲ್ವಿಚಾರಕನು ಕೈಮುಗಿದು ಬರೆದುಕೊಳ್ಳುವ, ಎಲ್ಲರೂ ಓದಲೆಂದು ಸೂಚನಾ ಫಲಕದಲ್ಲಿಯೂ ಅಂಟಿಸಿರುವ ಪತ್ರ.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ತಮಗೆ ನೆಟ್‌ವರ್ಕ್ ಇಲ್ಲ, ಕರೆಗಂಟೆ ಇಲ್ಲ, ರೋಗಿಗಳ ಕಡೆಯವರ ಬೈಗುಳವಂತೂ ಇಲ್ಲವೇ ಇಲ್ಲ. ತಮ್ಮ ಕೆಲಸವೋ ಹೂವೆತ್ತಿದಷ್ಟು ಸಲೀಸು. ವರದಿಗಳ ಸರ್ವರು, ಔಷಧ ಉಗ್ರಾಣದ ಸರ್ವರು, ಕಚೇರಿಯ ಸರ್ವರು ಇವೆಲ್ಲ ನಿಜಕ್ಕೂ ನಮ್ಮವೇ, ಯಾವ ಕಳ್ಳನೂ ನಮ್ಮ ವೇಷ ಹಾಕಿಕೊಂಡು ಕೂತಿಲ್ಲ ಎಂದು ಒಂದೊಂದಕ್ಕೂ ಪ್ರಮಾಣಪತ್ರ ಬರೆದು ಸಹಿ ಹಾಕಿಕೊಟ್ಟರೆ ಮುಗಿಯಿತು, ಆಮೇಲೆ ವರ್ಷವಿಡೀ ಕಾಲು ಚಾಚಿ ಮಲಗಬಹುದು.

ತಮ್ಮ ಜನನದ ಸಂಭ್ರಮ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ನಮ್ ಒಳಗಿನ ಸರ್ವರಿಗೆ ಹೊರಗಿನವರ ಸರ್ಟಿಫಿಕೇಟ್ ಯಾಕ್ರೀ? ನಮ್ಮನ್ನ ನಾವೇ ನಂಬಿದ್ರೆ ಸಾಲ್ದಾ?" ಎಂದು ನಿರ್ದೇಶಕರು ಅಪ್ಪಣೆ ಕೊಡಿಸಿದ ಮೇಲೆ, ಬಾಗಿಲು ಹಾಕಿಕೊಂಡು ಅವರು, ಆಡಳಿತಾಧಿಕಾರಿ ಮತ್ತು ನಾನು ತಮ್ಮ ಪಾಸ್‌ವರ್ಡಿನ ಒಂದೊಂದು ತುಂಡನ್ನು ಟೈಪು ಮಾಡಿದೆವು; ಒಬ್ಬರು ಟೈಪು ಮಾಡುವಾಗ ಉಳಿದಿಬ್ಬರು ಕಣ್ಣಾಮುಚ್ಚಾಲೆ ಆಡುವ ಮಕ್ಕಳಂತೆ ಗೋಡೆಗೆ ಮುಖ ಮಾಡಿ ನಿಂತಿದ್ದೆವು. ತಾವು ಕಣ್ಣುಬಿಟ್ಟ ಕೂಡಲೇ ಮಾಡಿದ ಮೊದಲ ಘನಕಾರ್ಯವೆಂದರೆ, ತಾವು ಪರಮ ನಂಬಿಕಸ್ಥರೆಂದು ತಮಗೆ ತಾವೇ ಪ್ರಮಾಣಪತ್ರ ಬರೆದುಕೊಂಡು, ತಾವೇ ಸಹಿ ಹಾಕಿಕೊಂಡದ್ದು, ಅದೂ ಇಪ್ಪತ್ತು ವರ್ಷಗಳ ಅವಧಿಗೆ. ಅಬ್ಬಾ, ಅಷ್ಟು ಧೈರ್ಯ ನನಗಿದ್ದಿದ್ದರೆ ನಾನು ಇಷ್ಟು ಹೊತ್ತಿಗೆ ನಿರ್ದೇಶಕನಾಗಿರುತ್ತಿದ್ದೆ.

ಒಂದೇ ಒಂದು ಸಣ್ಣ ಕೊರತೆ ಉಳಿಯಿತು. ತಾವು ಯಾರೆಂದು ವಾರ್ಡುಗಳ ಕಂಪ್ಯೂಟರುಗಳಿಗೆ ಗೊತ್ತಿರಲಿಲ್ಲ. ತಮ್ಮ ಮೂಲ ಪ್ರಮಾಣಪತ್ರದ ಒಂದು ನಕಲನ್ನು ಪ್ರತಿಯೊಂದು ಕಂಪ್ಯೂಟರಿನಲ್ಲೂ ಹಾಕಿ, 'ಇವರು ನಮ್ಮವರು, ಇವರು ಸಹಿ ಹಾಕಿದ್ದನ್ನು ನಂಬು' ಎಂದು ಪರಿಚಯ ಮಾಡಿಸಬೇಕಿತ್ತು. ನೂರನಲವತ್ತರಲ್ಲಿ ಹದಿನೇಳಕ್ಕೆ ಮಾಡಿಸುವಷ್ಟರಲ್ಲಿ ನನ್ನನ್ನು ಪ್ರಿಂಟರುಗಳ ಸೇವೆಗೆ ಎಳೆದುಕೊಂಡು ಹೋದರು. ಉಳಿದವು ನಮ್ಮದೇ ಸರ್ವರುಗಳನ್ನು ಕಂಡು ಗಾಬರಿಯಾಗಿ, 'ಈ ತಾಣವನ್ನು ನಂಬುವಂತಿಲ್ಲ' ಎಂದು ಕೆಂಪು ಪರದೆ ತೋರಿಸಿ ಬೊಬ್ಬೆ ಹಾಕತೊಡಗಿದವು, ದಾದಿಯರೂ ನನಗೆ ಫೋನು ಮಾಡಿ ಬೊಬ್ಬೆ ಹಾಕತೊಡಗಿದರು.

ಆಗ ಹೊಳೆಯಿತು ನೋಡಿ ನನಗೊಂದು ದಿವ್ಯ ಉಪಾಯ! 'ಕೆಂಪು ಎಚ್ಚರಿಕೆ ಬಂದರೆ ಗಾಬರಿ ಬೇಡ, ಅದು ನಮ್ಮದೇ. ಆದರೂ ಮುಂದುವರಿ ಎಂಬುದನ್ನು ಒತ್ತಿರಿ' ಎಂದು ಒಂದು ಚೀಟಿ ಬರೆದೆ. ನಿರ್ದೇಶಕರು ಮೆಚ್ಚಿ ಸಹಿ ಮಾಡಿ ಮೊಹರು ಒತ್ತಿದರು, ಕಚೇರಿಯವರು ಲ್ಯಾಮಿನೇಟ್ ಮಾಡಿಸಿ ಪ್ರತಿ ಪರದೆಯ ನೆತ್ತಿಗೂ ಅಂಟಿಸಿದರು. ಕಳ್ಳ ಬಂದಾಗ ನಾಯಿ ಬೊಗಳಿದರೆ ಬಾಗಿಲು ತೆರೆಯಿರಿ ಎಂದು ಇಡೀ ಆಸ್ಪತ್ರೆಗೆ ಎರಡು ವರ್ಷ ಪಾಠ ಹೇಳಿಕೊಟ್ಟೆವು. ಜನ ಅದನ್ನು ಶ್ರದ್ಧೆಯಿಂದ ಕಲಿತರು.

ಎಲ್ಲರಿಗಿಂತ ಶ್ರದ್ಧೆಯಿಂದ ಕಲಿತವರು ರಕ್ತಪರೀಕ್ಷೆಯ ಲ್ಯಾಬಿನ ಅಕ್ಕ. ನನಗೆ ಒಡಹುಟ್ಟಿದವರಲ್ಲ, ಆದರೂ ಮೂವತ್ತೊಂದು ವರ್ಷಗಳಿಂದ ಇಡೀ ಆಸ್ಪತ್ರೆಗೇ ಅವರು ಅಕ್ಕ. ಇನ್ನೊಂದು ತಿಂಗಳಿಗೆ ನಿವೃತ್ತಿ. ಮೊದಮೊದಲು ಅವರು ಪ್ರತಿ ಬಾರಿಯೂ ಫೋನು ಮಾಡಿ, "ಏನಪ್ಪಾ, ಮತ್ತೆ ಕೆಂಪಗಾಯ್ತು, ನಂಗ್ಯಾಕೋ ಹೆದರಿಕೆ ಆಗುತ್ತೆ" ಎನ್ನುತ್ತಿದ್ದರು. "ಅಯ್ಯೋ ಅಕ್ಕಾ, ಚೀಟಿ ನೋಡಿ, ಒತ್ತಿ ಬಿಡಿ, ಪ್ರತಿಸಲ ನನ್ನ ತಲೆ ತಿನ್ಬೇಡಿ" ಎಂದು ಗದರಿದ್ದು ಬೇರಾರೂ ಅಲ್ಲ, ನಾನೇ. ಆಮೇಲೆ ಅವರು ಫೋನು ಮಾಡಲಿಲ್ಲ.

ಹೋದ ತಿಂಗಳು ಯಾರೋ ಕಳುಹಿಸಿದ ಇ-ಮೇಲಿನ ಕೊಂಡಿಯಿಂದ ಅಕ್ಕನ ಪರದೆಯಲ್ಲಿ ನಮ್ಮ ವರದಿಪುಟದಂತೆಯೇ ಇದ್ದ ಕಳ್ಳಪುಟವೊಂದು ತೆರೆದುಕೊಂಡಿತು. ಪಾಪದ ಬ್ರೌಸರು ತನ್ನ ಧರ್ಮ ಬಿಡದೆ ಕೆಂಪಗಾಯಿತು, ಅಕ್ಕ ತಲೆಯೆತ್ತಿ ಚೀಟಿ ನೋಡಿ ಒತ್ತಿದರು, ಪಾಸ್‌ವರ್ಡ್ ಬರೆದರು. ಕಳ್ಳರು ಅದರಿಂದಲೇ ಒಳನುಗ್ಗಿ ವರದಿಗಳಿಗೆಲ್ಲ ಬೀಗ ಜಡಿದರು; ಎರಡು ದಿನ ಒಂದು ವರದಿಯೂ ಯಾರ ಕೈಗೂ ಸಿಗಲಿಲ್ಲ. ಶಸ್ತ್ರಚಿಕಿತ್ಸೆಗೆ ಕಾದವರ ರಕ್ತವನ್ನೆಲ್ಲ ಅಕ್ಕ ಮತ್ತೆ ತೆಗೆದು, ಮತ್ತೆ ಪರೀಕ್ಷಿಸಿ, ಕೈಯಲ್ಲಿ ಬರೆದ ಕಾಗದಗಳನ್ನು ತಾವೇ ವಾರ್ಡಿನಿಂದ ವಾರ್ಡಿಗೆ ಮುಟ್ಟಿಸಿದರು. ಮೂರನೆಯ ದಿನ ಅವರ ಕೈಗೆ ಬಂದದ್ದು ಕೆಲಸದಿಂದ ಏಕೆ ವಜಾ ಮಾಡಬಾರದು ಎಂದು ಕೇಳುವ ಆರೋಪಪಟ್ಟಿ. ಅಷ್ಟರೊಳಗೆ ಚೀಟಿಗಳೆಲ್ಲ ಪರದೆಗಳ ಮೇಲಿಂದ ಮಂಗಮಾಯವಾಗಿದ್ದವು. ಕಚೇರಿಯವರು ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹ. ಮಾತೇ ಬಾರದ ಸರ್ವರುಗಳಿಗೆ ಕೇಳಿದ ಕ್ಷಣದಲ್ಲಿ ಪ್ರಮಾಣಪತ್ರ ದಯಪಾಲಿಸುವ ತಾವು, 'ಇವರನ್ನು ನಂಬಬಹುದು' ಎಂದು ಅಕ್ಕನಿಗೂ ಒಂದನ್ನು ಕೊಡಬೇಕು. ಇಪ್ಪತ್ತು ವರ್ಷದ್ದು ಬೇಡ, ಒಂದು ತಿಂಗಳದ್ದು ಸಾಕು. ಸಾಧ್ಯವಾದರೆ, ಗುರುವಾರದ ವಿಚಾರಣೆಗೆ ಖುದ್ದಾಗಿ ದಯಮಾಡಿಸಿ ಸಾಕ್ಷಿಯನ್ನೂ ಹೇಳಬೇಕು. ತಮ್ಮನ್ನು ಹೊತ್ತು ತರಲು ನಾನು ಸಿದ್ಧ. ತಮಗೆ ಬಾಯಿಲ್ಲವೆಂದಾದರೆ ನನಗಿದೆ. ಒತ್ತಿದ್ದು ಅಕ್ಕ, ಒತ್ತಿಸಿದ್ದು ನಾನು, ಚೀಟಿಯ ಒಕ್ಕಣೆ ನನ್ನದು, ಮೂಲಪ್ರತಿ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ ಎಂದು ಹೇಳಲಿದ್ದೇನೆ. ಕೆಲಸ ಹೋದೀತೆಂಬ ಭಯ ಇರುವುದು ನಿಜ, ಆದರೆ ಅಕ್ಕನ ಮುಖ ನೋಡಲಾಗದೆ ಲ್ಯಾಬಿನ ಮುಂದೆ ತಲೆ ತಗ್ಗಿಸಿ ಓಡಾಡುವುದು ಅದಕ್ಕಿಂತ ಕಷ್ಟವಾಗಿದೆ.

ಇಂತಿ,
ಯಾರೂ ಸಹಿ ಹಾಕಿಕೊಡದ,
ತಮ್ಮ ವಿಶ್ವಾಸಿ,
ಕಂಪ್ಯೂಟರ್ ಕೊಠಡಿಯ ಮೇಲ್ವಿಚಾರಕ

ಮರೆತ ಮಾತು: ಅಕ್ಕನ ಆರೋಪಪಟ್ಟಿಯನ್ನು ಮುದ್ರಿಸಿಕೊಡಲು ನಿರ್ದೇಶಕರು ನನ್ನನ್ನೇ ಕರೆದಿದ್ದರು. 'ಪರದೆಯ ಮೇಲಿನ ಎಚ್ಚರಿಕೆಯನ್ನು ಓದದೆ ಮುಂದುವರಿದದ್ದು' ಎಂಬುದೇ ಅದರಲ್ಲಿದ್ದ ಏಕೈಕ ಆರೋಪ. ನಿರ್ದೇಶಕರ ಕಂಪ್ಯೂಟರು ಹೊಸದು, ತಮ್ಮ ಪರಿಚಯ ಅದಕ್ಕಿನ್ನೂ ಆಗಿಲ್ಲವಾಗಿ, ಕಚೇರಿಯ ಸರ್ವರು ತೆರೆಯುತ್ತಿದ್ದಂತೆ ಪರದೆ ಕೆಂಪಗಾಯಿತು. ಅವರು ಸಿಬ್ಬಂದಿಯ ಬೇಜವಾಬ್ದಾರಿಯ ಬಗ್ಗೆ ನನಗೆ ಉಪದೇಶ ಮಾಡುತ್ತಲೇ, ಅತ್ತ ಕಣ್ಣೂ ಹಾಯಿಸದೆ, 'ಆದರೂ ಮುಂದುವರಿ' ಒತ್ತಿದರು. ನಾನು ಆರೋಪಪಟ್ಟಿಯನ್ನು ಮುದ್ರಿಸಿ ಅವರ ಕೈಗಿತ್ತೆ.